ಅಡುಗೆಮನೆ ಪ್ರಶ್ನೋತ್ತರ: ಈ ಸಲ ಕುಂಬಳ ಬೀಜ

ಸಂಕ್ರಾಂತಿ ಕಳೆದ ಮೇಲೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕುಂಬಳ ಬೀಜದ ಪ್ರಶ್ನೆಗಳೇ ಹೆಚ್ಚು. ಕೆಲವರು ಮನೆಗೆ ತಂದ ಕುಂಬಳಕಾಯಿಯ ಬಿಳಿ ಬೀಜದ ಬಗ್ಗೆ ಕೇಳಿದ್ದಾರೆ, ಕೆಲವರು ಅಂಗಡಿಯ ಹಸಿರು ಬೀಜದ ಬಗ್ಗೆ. ಎರಡನ್ನೂ ಒಂದೇ ಥರ ಹುರಿಯಲು ಹೋಗಿದ್ದರಿಂದಲೇ ಅರ್ಧ ತೊಂದರೆ ಆದಂತೆ ಕಾಣುತ್ತದೆ. ಹಾಗಾಗಿ ಆ ಪ್ರಶ್ನೆಯನ್ನೇ ಮೊದಲು ತೆಗೆದುಕೊಂಡಿದ್ದೇವೆ.

ಅಂಗಡಿಯ ಹಸಿರು ಬೀಜ, ನಮ್ಮ ಹೊಲದ ಕುಂಬಳಕಾಯಿಯ ಬಿಳಿ ಬೀಜ ಎರಡೂ ಒಂದೇನಾ? ಬೂದುಗುಂಬಳದ ಬೀಜವನ್ನೂ ತಿನ್ನಬಹುದಾ?
(ಹೊಳಲ್ಕೆರೆಯ ಓದುಗರು)

ನಿಮ್ಮ ಹೊಲದ ಬಿಳಿ ಬೀಜದ ಗಟ್ಟಿ ಸಿಪ್ಪೆ ತೆಗೆದು ನೋಡಿ, ಒಳಗಿರುವುದೂ ಹಸಿರು ಪೊರೆಯ ತಿರುಳೇ. ಅಂಗಡಿಯದ್ದರಲ್ಲಿ ಒಂದು ಭಾಗ ಹೀಗೆ ಯಂತ್ರದಲ್ಲಿ ಸಿಪ್ಪೆ ಬಿಡಿಸಿದ್ದು. ಇನ್ನೊಂದು ಭಾಗ ಹುಟ್ಟುವಾಗಲೇ ಗಟ್ಟಿ ಸಿಪ್ಪೆ ಇಲ್ಲದ ತಳಿಯದ್ದು. ಆ ತಳಿ ಆಸ್ಟ್ರಿಯಾ ದೇಶದ ಸ್ಟೈರಿಯಾ ಪ್ರಾಂತ್ಯದ್ದು, ಅಲ್ಲಿ ಅದನ್ನು ಬೆಳೆಯುವುದೇ ಬೀಜದಿಂದ ಎಣ್ಣೆ ತೆಗೆಯಲು. ನಮ್ಮ ಸಿಹಿಗುಂಬಳವನ್ನು ಕಾಯಿಯ ತಿರುಳಿಗಾಗಿ ಬೆಳೆಯುತ್ತೇವೆ. ಅರ್ಕಾ ಚಂದನ್ ಎಂಬ ಸುಧಾರಿತ ತಳಿ ಆಗಲಿ, ನಾಟಿ ಕಾಯಿ ಆಗಲಿ, ಬೀಜಕ್ಕೆ ಸಿಪ್ಪೆ ಇದ್ದೇ ಇರುತ್ತದೆ.

ಬೂದುಗುಂಬಳದ ಬೀಜ ತಿನ್ನಲು ಯೋಗ್ಯವೇ, ಆದರೆ ಸಿಪ್ಪೆ ದಪ್ಪ, ತಿರುಳು ತೆಳು. ಪಟ್ಟ ಶ್ರಮಕ್ಕೆ ಸಿಗುವುದು ಕಡಿಮೆ.

ಕುಂಬಳಕಾಯಿ ಹೆಚ್ಚಿದಾಗ ಬಂದ ಬೀಜ ತೊಳೆದು ಬಾಣಲೆಗೆ ಹಾಕಿದರೆ ಮೇಲೆ ಕರಕಲು, ಒಳಗೆ ಹಸಿ. ಅಗಿದರೆ ಸಿಪ್ಪೆ ಚರ್ಮದ ಹಾಗೆ ಎಳೆಯುತ್ತದೆ. ಗರಿಗರಿ ಆಗಲು ಏನು ಮಾಡಬೇಕು?
(ಗೃಹಿಣಿ, ದಾವಣಗೆರೆ ವಿದ್ಯಾನಗರ)

ಹಸಿ ಬೀಜದಲ್ಲಿ ನೀರು ತುಂಬಾ ಇರುತ್ತದೆ. ಉರಿ ಜೋರಾದರೆ ಒಳಗಿನ ನೀರು ಹೊರಬರುವ ಮೊದಲೇ ಸಿಪ್ಪೆ ಸುಡುತ್ತದೆ. ನೀರು ಉಳಿದ ಸಿಪ್ಪೆ ಎಷ್ಟು ಹೊತ್ತು ಬಾಣಲೆಯಲ್ಲಿದ್ದರೂ ಜಿಗುಟೇ. ಆದ್ದರಿಂದ ಹುರಿಯುವ ಮೊದಲು ಎರಡು ಕೆಲಸ ಆಗಬೇಕು: ಉಪ್ಪುನೀರಲ್ಲಿ ಕುದಿಸುವುದು, ಆಮೇಲೆ ಪೂರ್ತಿ ಒಣಗಿಸುವುದು.

ಕಾಯಿಯ ಒಳಗಿನ ನಾರಿನ ಸಮೇತ ಬೀಜವನ್ನು ಅಗಲ ಪಾತ್ರೆಯ ನೀರಿಗೆ ಹಾಕಿ ಬೆರಳಲ್ಲಿ ಹಿಸುಕಿ. ಬೀಜ ನಾರಿನಿಂದ ಬಿಟ್ಟುಕೊಂಡು ಮೇಲೆ ತೇಲುತ್ತದೆ. ತೆಳ್ಳಗೆ, ಚಪ್ಪಟೆಯಾಗಿ ಇರುವ ಜೊಳ್ಳು ಬೀಜಗಳನ್ನು ಆಗಲೇ ಆರಿಸಿ ಬಿಸಾಡಿ, ಅವೇ ಮೊದಲು ಸುಡುವುದು. ಒಂದು ಲೋಟ ಬೀಜಕ್ಕೆ ನಾಲ್ಕು ಲೋಟ ನೀರು, ಒಂದೂವರೆ ದೊಡ್ಡ ಚಮಚ ಉಪ್ಪು. ನೀರು ಕುದಿ ಬಂದ ಮೇಲೆ 10 ನಿಮಿಷ ಬೇಯಿಸಿ, ಸೋಸಿ. ಉಪ್ಪು ಸಿಪ್ಪೆ ದಾಟಿ ಒಳಗೆ ಇಳಿಯುವುದು ಈ ಹಂತದಲ್ಲಿ ಮಾತ್ರ. ಹುರಿದ ಮೇಲೆ ಉದುರಿಸಿದ ಉಪ್ಪು ಡಬ್ಬಿಯ ತಳ ಸೇರುತ್ತದೆ.

ಸೋಸಿದ ಬೀಜವನ್ನು ಹತ್ತಿ ಬಟ್ಟೆಯ ಮೇಲೆ ಒಂದೇ ಪದರದಲ್ಲಿ ಹರಡಿ. ನಮ್ಮ ಕಡೆಯ ಬಿಸಿಲಿಗೆ ಅರ್ಧ ದಿನ ಸಾಕು, ಮೋಡವಿದ್ದರೆ ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಡಿ. ಕೈಗೆ ತೆಗೆದುಕೊಂಡರೆ ಅಂಟಬಾರದು, ಒಂದಕ್ಕೊಂದು ತಾಗಿದರೆ ಸದ್ದು ಬರಬೇಕು. ಕಾಗದದ ಮೇಲೆ ಮಾತ್ರ ಹರಡಬೇಡಿ, ಒಣಗುತ್ತಾ ಹಿಡಿದುಕೊಂಡುಬಿಡುತ್ತದೆ.

ದಪ್ಪ ತಳದ ಬಾಣಲೆಗೆ ಒಂದು ಚಿಕ್ಕ ಚಮಚ ಎಣ್ಣೆ, ಸಣ್ಣ ಉರಿ, ಕೈ ಬಿಡದೆ 15ರಿಂದ 18 ನಿಮಿಷ ಹುರಿಯಿರಿ. ಓವನ್ ಇದ್ದರೆ 160 ಡಿಗ್ರಿ ಸೆಲ್ಸಿಯಸ್, ಸುಮಾರು 25 ನಿಮಿಷ, ಹತ್ತು ನಿಮಿಷಕ್ಕೊಮ್ಮೆ ತಟ್ಟೆ ಹೊರಗೆ ತೆಗೆದು ಕೆದಕಿ. ಸಿಪ್ಪೆಯ ಬಣ್ಣ ನೋಡಿ ತೀರ್ಮಾನಿಸಬೇಡಿ. ಒಂದು ಬೀಜ ತೆಗೆದು ಆರಿಸಿ ಕಚ್ಚಿ. ಸಿಪ್ಪೆ ಟಕ್ ಎಂದು ಒಡೆದು, ತಿರುಳು ತಿಳಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದ್ದರೆ ಇಳಿಸಿ.

ಖಾರದಪುಡಿ, ಆಮ್ಚೂರ್ ಏನಿದ್ದರೂ ಒಲೆ ಆರಿಸಿದ ಮೇಲೆಯೇ. ಉರಿಯ ಮೇಲೆ ಹಾಕಿದರೆ ಖಾರ ಸುಟ್ಟು ಮನೆಯವರೆಲ್ಲ ಕೆಮ್ಮಬೇಕಾಗುತ್ತದೆ.

ಮಂಡಕ್ಕಿ ಭಟ್ಟಿಯ ಬಿಸಿ ಮರಳಿನ ತಂತ್ರ ಮನೆಯಲ್ಲೂ ನಡೆಯುತ್ತದೆ. ಹಳೇ ಬಾಣಲೆಯಲ್ಲಿ ಅರ್ಧ ಕಿಲೋ ಪುಡಿ ಉಪ್ಪು ಚೆನ್ನಾಗಿ ಕಾಯಿಸಿ, ಒಣಗಿದ ಸಿಪ್ಪೆ ಬೀಜ ಹಾಕಿ ನಾಲ್ಕೈದು ನಿಮಿಷ ತಿರುವಿ ಜರಡಿ ಹಿಡಿಯಿರಿ. ಶಾಖ ಎಲ್ಲ ಕಡೆಯಿಂದ ತಾಗುವುದರಿಂದ ಕಲೆ ಬೀಳದೆ ಹುರಿಯುತ್ತದೆ. ಅದೇ ಉಪ್ಪನ್ನು ಮತ್ತೆ ಮತ್ತೆ ಹುರಿಯಲು ಇಟ್ಟುಕೊಳ್ಳಬಹುದು. ಸಿಪ್ಪೆ ಇಲ್ಲದ ಹಸಿರು ಬೀಜಕ್ಕೆ ಈ ವಿಧಾನ ಬೇಡ, ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ.

ಮನೆಯಲ್ಲೇ ಸಿಪ್ಪೆ ಬಿಡಿಸುವ ಸುಲಭ ದಾರಿ ಇದೆಯೇ?
(ಹಿರಿಯೂರು)

ಬೀಜವನ್ನು ಎರಡು ಮೂರು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ. ಎರಡು ಬಟ್ಟೆಗಳ ನಡುವೆ ಒಂದೇ ಪದರ ಹರಡಿ, ಲಟ್ಟಣಿಗೆಯಿಂದ ಸಿಪ್ಪೆ ಬಿರಿಯುವಷ್ಟೇ ಒತ್ತಿ. ತಿರುಳು ಜಜ್ಜಬಾರದು. ಆಮೇಲೆ ಕುದಿಯುವ ನೀರಿಗೆ ಹಾಕಿ ಐದು ನಿಮಿಷ ಕದಡಿದರೆ ಸಿಪ್ಪೆ ಹೆಚ್ಚುಪಾಲು ಮೇಲೆ ಬರುತ್ತದೆ, ತಿರುಳು ತಳಕ್ಕೆ ಇಳಿಯುತ್ತದೆ. ಉಳಿದದ್ದನ್ನು ಕೈಯಲ್ಲೇ ಬಿಡಿಸಬೇಕು. ಒಂದೇ ಕಾಯಿಯ ಬೀಜಕ್ಕೆ ಇಷ್ಟೆಲ್ಲ ಮಾಡುವುದು ನಮ್ಮ ಪ್ರಕಾರ ಬೇಡ. ಹುರಿದು ಸಿಪ್ಪೆ ಉಗಿಯುತ್ತಾ ತಿನ್ನುವುದೇ ಸರಿ. ಮದುವೆ, ಜಾತ್ರೆ ಅಡುಗೆಯಲ್ಲಿ ಹತ್ತಾರು ಕಾಯಿ ಹೆಚ್ಚಿದಾಗ ಮಾತ್ರ ಈ ಕೆಲಸಕ್ಕೆ ಕೈ ಹಾಕಿ.

ಬಿತ್ತನೆಗೆ ತಂದ ಕುಂಬಳ ಬೀಜದ ಪೊಟ್ಟಣದಲ್ಲಿ ಅರ್ಧ ಉಳಿದಿದೆ. ತೊಳೆದು ಹುರಿದರೆ ಆಗುತ್ತದೆಯೇ?
(ರೈತರು, ಜಗಳೂರು)

ಖಂಡಿತ ಬೇಡ. ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ, ಕೆಲವಕ್ಕೆ ಕೀಟನಾಶಕವನ್ನೂ ಲೇಪಿಸಿರುತ್ತಾರೆ. ಗುಲಾಬಿ, ನೀಲಿ, ಹಸಿರು ಬಣ್ಣ ಕೊಟ್ಟಿರುವುದೇ ತಿನ್ನುವ ಬೀಜದ ಜೊತೆ ಬೆರೆಯಬಾರದೆಂದು. ತೊಳೆದರೆ ಬಣ್ಣ ಹೋಗಬಹುದು, ವಿಷ ಹೋಗಿದೆ ಎನ್ನಲು ಬರುವುದಿಲ್ಲ. ಹುರಿದರೂ ಅಷ್ಟೇ. ಕೋಳಿಗೂ ಹಾಕಬೇಡಿ. ಪೊಟ್ಟಣದ ಬಾಯಿ ಕಟ್ಟಿ, ಅಡುಗೆಮನೆಯಿಂದ ದೂರ, ಮಕ್ಕಳ ಕೈಗೆ ಸಿಗದಲ್ಲಿಡಿ.

ಹುರಿದ ಬೀಜ ಒಮ್ಮೊಮ್ಮೆ ಕಹಿಯಾಗುತ್ತದೆ. ತಿನ್ನಬಹುದಾ?
(ಚನ್ನಗಿರಿ)

ಕಹಿ ಮೂರು ಥರ. ಮೊದಲನೆಯದು ಸುಟ್ಟ ಕಹಿ, ಮೂಗಿಗೇ ಗೊತ್ತಾಗುತ್ತದೆ. ಎರಡನೆಯದು ಹಳಸಿದ ಎಣ್ಣೆಯ ಕಮಟು ಕಹಿ. ಇವೆರಡೂ ರುಚಿ ಕೆಡಿಸುತ್ತವೆ, ಅಂಥ ಬೀಜ ಬಿಸಾಡಿ ಮುಂದಿನ ಸಲ ಎಚ್ಚರ ವಹಿಸಿದರೆ ಆಯಿತು. ಮೂರನೆಯದು ಕಾಯಿಯ ಕಹಿ. ಇದು ಅಪಾಯ. ಸೋರೆ, ಸೌತೆ, ಕುಂಬಳ ಜಾತಿಯ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಸ್ತು ಕೆಲವೊಮ್ಮೆ ಹೆಚ್ಚಾಗಿರುತ್ತದೆ. ಕಾಡು ಅಥವಾ ಅಲಂಕಾರದ ತಳಿಯ ಜೊತೆ ಪರಾಗಸ್ಪರ್ಶವಾಗಿ ಬಂದ ಬೀಜ ಬಿತ್ತಿದಾಗ, ಬಳ್ಳಿಗೆ ನೀರಿನ ಕೊರತೆ ಬಿದ್ದಾಗ ಹೀಗಾಗುತ್ತದೆ. ಬೇಯಿಸಿದರೆ, ಹುರಿದರೆ ಅದು ಹೋಗುವುದಿಲ್ಲ. ವಾಂತಿ, ಭೇದಿ, ಹೊಟ್ಟೆನೋವು ತರುತ್ತದೆ.

ಕಾಯಿ ಹೆಚ್ಚುವಾಗಲೇ ಕಡಲೆಕಾಳಿನಷ್ಟು ತಿರುಳನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗಿದು, ತಿರುಳು, ಬೀಜ ಎರಡನ್ನೂ ತಿಪ್ಪೆಗೆ ಹಾಕಿ. ಬೆಲ್ಲ ಹಾಕಿ ಸರಿಮಾಡಲು ಹೋಗಬೇಡಿ. ಆ ಕಾಯಿಯ ಬೀಜವನ್ನು ಬಿತ್ತನೆಗೂ ಇಟ್ಟುಕೊಳ್ಳಬೇಡಿ.

ಹಸಿರು ಬೀಜ ಹುರಿಯಲು ಎಷ್ಟು ಹೊತ್ತು? ಶೇಂಗಾದಷ್ಟೇ ಹುರಿದೆವು, ಕಂದು ಬಣ್ಣ ಬಂತು, ರುಚಿ ಕೆಟ್ಟಿತು.
(ಹರಿಹರ)

ಶೇಂಗಾದ ಅರ್ಧ ಹೊತ್ತೂ ಬೇಡ. ಬಾಣಲೆ ಒಂದು ನಿಮಿಷ ಕಾಯಲಿ, ಬೀಜ ಒಂದೇ ಪದರ ಇರಲಿ, ಎಣ್ಣೆ ಬೇಡ, ಉರಿ ಸಣ್ಣದು. ಎರಡು ಮೂರು ನಿಮಿಷಕ್ಕೆ ಚಟಪಟ ಶುರುವಾಗುತ್ತದೆ: ಒಳಗಿನ ಚೂರು ತೇವ ಆವಿಯಾಗಿ, ಚಪ್ಪಟೆ ಬೀಜ ಉಬ್ಬಿ ದುಂಡಗಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಬೀಜ ಉಬ್ಬಿ, ಅಲ್ಲಲ್ಲಿ ಹಳದಿ ಚುಕ್ಕೆ ಕಂಡ ಕೂಡಲೇ ಬೇರೆ ತಟ್ಟೆಗೆ ಸುರಿಯಿರಿ. ಒಟ್ಟು ನಾಲ್ಕೈದು ನಿಮಿಷ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಕಂದಾಗುತ್ತದೆ, ನಿಮಗೆ ಆಗಿರುವುದೂ ಇದೇ ಇರಬಹುದು. ಬಿಸಿಯಲ್ಲಿ ಮೆತ್ತಗೆ ಅನ್ನಿಸಿದರೆ ಗಾಬರಿ ಬೇಡ, ಆರಿದ ಮೇಲೆ ಗರಿಯಾಗುತ್ತದೆ.

ಉಪ್ಪು ಹಿಡಿಸಬೇಕೆಂದರೆ, ಅರ್ಧ ಚಿಕ್ಕ ಚಮಚ ಉಪ್ಪನ್ನು ಎರಡು ದೊಡ್ಡ ಚಮಚ ನೀರಲ್ಲಿ ಕರಗಿಸಿಡಿ. ಒಂದು ಲೋಟ ಬೀಜ ಉಬ್ಬುತ್ತಿರುವಾಗ ಮೇಲೆ ಚಿಮುಕಿಸಿ, ಸುಂಯ್ ಎಂದು ನೀರು ಆರುವವರೆಗೆ ಒಂದು ನಿಮಿಷ ತಿರುವಿ. ಪ್ರತಿ ಬೀಜಕ್ಕೂ ಉಪ್ಪಿನ ತೆಳು ಪದರ ಕೂರುತ್ತದೆ.

ಜೋಳದ ರೊಟ್ಟಿಗೆ ಕುಂಬಳ ಬೀಜದ ಚಟ್ನಿಪುಡಿ ಮಾಡಲು ಹೋದರೆ ಮಿಕ್ಸಿಯಲ್ಲಿ ಮುದ್ದೆಯಾಯಿತು. ಅಳತೆ, ವಿಧಾನ ತಿಳಿಸಿ.
(ಮೊಳಕಾಲ್ಮೂರು)

ಈ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇದೆ, ಶೇಂಗಾದ ಹಾಗೆ. ಬಿಸಿ ಇರುವಾಗ ಅರೆದರೂ, ಮಿಕ್ಸಿಯನ್ನು ಬಿಡದೆ ಓಡಿಸಿದರೂ ಎಣ್ಣೆ ಬಿಟ್ಟುಕೊಳ್ಳುತ್ತದೆ. ಎಣ್ಣೆ ಹೀರಲು ಪುಟಾಣಿ ಜೊತೆಗಿರಬೇಕು, ಬೀಜ ಕೊನೆಗೆ ಬೀಳಬೇಕು.

ಹಸಿರು ಬೀಜ ಒಂದು ಲೋಟ (130 ಗ್ರಾಂ), ಪುಟಾಣಿ ಅರ್ಧ ಲೋಟ, ಬ್ಯಾಡಗಿ ಮೆಣಸಿನಕಾಯಿ 8, ಗುಂಟೂರು 2, ಜೀರಿಗೆ ಒಂದು ಚಿಕ್ಕ ಚಮಚ, ಅಡಿಕೆ ಗಾತ್ರದ ಹುಣಸೆಹಣ್ಣು, ಕರಿಬೇವು ಎರಡು ಎಸಳು, ಬೆಳ್ಳುಳ್ಳಿ 8 ಎಸಳು, ಉಪ್ಪು ಒಂದು ಚಿಕ್ಕ ಚಮಚ. ಬೀಜವನ್ನು ಮೇಲೆ ಹೇಳಿದಂತೆ ಹುರಿದು ಅರ್ಧ ಗಂಟೆ ಆರಲು ಬಿಡಿ. ಮೆಣಸಿನಕಾಯಿ, ಕರಿಬೇವುಗಳನ್ನು ಚೂರೇ ಎಣ್ಣೆಯಲ್ಲಿ ಗರಿಯಾಗಿಸಿ. ಹುಣಸೆಹಣ್ಣನ್ನು ಎಳೆ ಎಳೆಯಾಗಿ ಬಿಡಿಸಿ ಬಿಸಿ ಬಾಣಲೆಯಲ್ಲಿ ಒಣಗಿಸಿ. ತೇವದ ಹುಣಸೆ ಬಿದ್ದರೂ ಪುಡಿ ಉಂಡೆ ಕಟ್ಟುತ್ತದೆ.

ಮೊದಲು ಮೆಣಸಿನಕಾಯಿ, ಕರಿಬೇವು, ಜೀರಿಗೆ, ಹುಣಸೆ, ಉಪ್ಪು, ಪುಟಾಣಿ ನುಣ್ಣಗೆ. ಆಮೇಲೆ ಬೆಳ್ಳುಳ್ಳಿ ಹಾಕಿ ಎರಡು ಸುತ್ತು. ಕೊನೆಗೆ ಬೀಜ: ಎರಡು ಸೆಕೆಂಡ್ ಓಡಿಸಿ, ನಿಲ್ಲಿಸಿ, ಚಮಚದಲ್ಲಿ ಕೆದಕಿ, ಮತ್ತೆ ಎರಡು ಸೆಕೆಂಡ್. ಹೀಗೆ ನಾಲ್ಕೈದು ಸಲ ಮಾಡಿ, ರವೆಯಷ್ಟು ತರಿ ಇರುವಾಗಲೇ ಬಿಡಿ. ಕುಟ್ಟಾಣಿ ಇದ್ದರೆ ಇನ್ನೂ ಒಳ್ಳೆಯದು, ಕುಟ್ಟಿದ ಪುಡಿಯ ರುಚಿ ಮಿಕ್ಸಿಗೆ ಬರುವುದಿಲ್ಲ. ಬೆಳ್ಳುಳ್ಳಿ ಹಾಕಿದ ಪುಡಿ ಹತ್ತು ದಿನದೊಳಗೆ ಮುಗಿಸಿ. ಹಾಕದಿದ್ದರೆ ಒಂದು ತಿಂಗಳು ಇಡಬಹುದು.

ಈಗಾಗಲೇ ಮುದ್ದೆಯಾಗಿರುವುದನ್ನು ಬಿಸಾಡಬೇಡಿ. ಮೊಸರು ಕಲಸಿದರೆ ರೊಟ್ಟಿಗೆ ಒಳ್ಳೆಯ ಚಟ್ನಿ, ಬದನೆಕಾಯಿ ಎಣ್ಣೆಗಾಯಿಯ ಮಸಾಲೆಗೆ ಶೇಂಗಾ ಬದಲು ಹಾಕಿದರೂ ಗಟ್ಟಿ ರಸ ಬರುತ್ತದೆ.

ಖಾರ ಮಂಡಕ್ಕಿಗೆ ಈ ಬೀಜ ಯಾವಾಗ ಹಾಕಬೇಕು?
(ವಿದ್ಯಾರ್ಥಿನಿಯರು, ದಾವಣಗೆರೆ)

ಎಲ್ಲಕ್ಕಿಂತ ಮೊದಲು ಹುರಿದು ತೆಗೆದಿಟ್ಟು, ಎಲ್ಲಕ್ಕಿಂತ ಕೊನೆಗೆ ಹಾಕಿ. 150 ಗ್ರಾಂ ಮಂಡಕ್ಕಿಗೆ 40 ಗ್ರಾಂ ಬೀಜ, 50 ಗ್ರಾಂ ಶೇಂಗಾ ಸಾಕು. ಮೂರು ದೊಡ್ಡ ಚಮಚ ಎಣ್ಣೆ ಕಾದಾಗ ಬೀಜ ಹಾಕಿ, ಉಬ್ಬಿದ ಕೂಡಲೇ, ಅಂದರೆ ಒಂದು ನಿಮಿಷದೊಳಗೆ, ಜಾಲರಿ ಸೌಟಿನಲ್ಲಿ ತೆಗೆಯಿರಿ. ಅದೇ ಎಣ್ಣೆಗೆ ಶೇಂಗಾ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ. ಆಮೇಲೆ ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಅರಿಶಿನ. ಒಲೆ ಆರಿಸಿ ಖಾರದಪುಡಿ, ಎರಡು ದೊಡ್ಡ ಚಮಚ ಪುಟಾಣಿ ಹಿಟ್ಟು, ನಂತರ ಮಂಡಕ್ಕಿ. ಮಂಡಕ್ಕಿಯಲ್ಲೇ ಉಪ್ಪಿರುತ್ತದೆ, ರುಚಿ ನೋಡಿ ಉಪ್ಪು ಹಾಕಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ.

ರಾಗಿ ಬಿಸ್ಕತ್ತಿಗೆ ಮನೆಯ ಬೆಣ್ಣೆ, ಕುಂಬಳ ಬೀಜ, ಸೂರ್ಯಕಾಂತಿ ಬೀಜ ಹಾಕಿದೆ. ಬಿಸ್ಕತ್ತು ಹರಡಿಕೊಂಡವು. ಗೋಧಿಹಿಟ್ಟಲ್ಲಿ ಮಾಡಿದವಂತೂ ಮರುದಿನ ಒಳಗೆ ಹಸಿರಾಗಿದ್ದವು. ಬೂಷ್ಟು ಹಿಡಿಯಿತೇ?
(ಚಿತ್ರದುರ್ಗ)

ಹಸಿರು ಬೂಷ್ಟಲ್ಲ. ಕುಂಬಳ ಬೀಜದ ಬಣ್ಣವೂ ಅಲ್ಲ. ಸೂರ್ಯಕಾಂತಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಇರುತ್ತದೆ, ಅದು ಅಡುಗೆ ಸೋಡಾದ ಕ್ಷಾರಕ್ಕೆ ಸಿಕ್ಕಿದರೆ ಬಿಸ್ಕತ್ತು ಆರುತ್ತಾ ಹಸಿರು ತಿರುಗುತ್ತದೆ. ರಾಗಿಯ ಕಪ್ಪಿನಲ್ಲಿ ಅದು ಕಾಣುವುದಿಲ್ಲ. ತಿಂದರೆ ಏನೂ ಆಗುವುದಿಲ್ಲ. ಸೋಡಾ ಬದಲು ಬೇಕಿಂಗ್ ಪೌಡರ್ ಹಾಕಿ, ಅಥವಾ ಹಿಟ್ಟಿಗೆ ಒಂದು ಚಿಕ್ಕ ಚಮಚ ನಿಂಬೆರಸ ಸೇರಿಸಿ. ಹತ್ತಿಯಂತೆ ನೂಲು ನೂಲಾಗಿದ್ದು ಮುಗ್ಗಲು ವಾಸನೆ ಬಂದರೆ ಮಾತ್ರ ಅದು ಬೂಷ್ಟು.

ಹರಡಿಕೊಂಡದ್ದಕ್ಕೆ ಕಾರಣ ಬೆಣ್ಣೆಯಲ್ಲಿದ್ದ ನೀರು ಮತ್ತು ಅದರ ಮೆತ್ತನೆ. ಕಡೆದು ತೆಗೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತದೆ. ತಣ್ಣೀರಲ್ಲಿ ಮೂರು ಸಲ ತೊಳೆದು, ನೀರು ತಿಳಿಯಾಗುವವರೆಗೆ ಹಿಸುಕಿ, ಬಟ್ಟೆಯಲ್ಲಿ ಒತ್ತಿ, ಆಮೇಲೆ ತೂಕ ಮಾಡಿ. ತೊಳೆಯುವ ಮೊದಲು ತೂಗಿದ 110 ಗ್ರಾಮಿನಲ್ಲಿ ಬೆಣ್ಣೆ ಎಷ್ಟು, ಮಜ್ಜಿಗೆ ಎಷ್ಟು ಎಂದು ಹೇಳಲಾಗದು.

ನಮ್ಮ ಅಳತೆ ಹೀಗಿದೆ. ರಾಗಿಹಿಟ್ಟು 80 ಗ್ರಾಂ, ಘಮ ಬರುವಷ್ಟು ಹುರಿದು ಆರಿಸಿದ್ದು. ಗೋಧಿಹಿಟ್ಟು 120 ಗ್ರಾಂ, ಬೆಣ್ಣೆ 110, ಬೆಲ್ಲದ ಪುಡಿ 90, ಬೇಕಿಂಗ್ ಪೌಡರ್ ಅರ್ಧ ಚಿಕ್ಕ ಚಮಚ, ಏಲಕ್ಕಿ, ಚಿಟಿಕೆ ಉಪ್ಪು, ಹಸಿರು ಬೀಜ 60 ಗ್ರಾಂ. ಬೆಣ್ಣೆ ಬೆಲ್ಲ ಕಲಸಿ, ಹಿಟ್ಟು ಸೇರಿಸಿ, ಒಂದೆರಡು ಚಮಚ ಹಾಲಿನಿಂದ ಒಟ್ಟುಗೂಡಿಸಿ. ಚಪಾತಿ ಹಿಟ್ಟಿನಂತೆ ನಾದಬೇಡಿ, ಗಟ್ಟಿಯಾಗುತ್ತದೆ. ಒಳಗೆ ಸೇರುವ 40 ಗ್ರಾಂ ಬೀಜವನ್ನು ಎರಡು ನಿಮಿಷ ಹುರಿದು ಹಾಕಿ, ಏಕೆಂದರೆ ಹಿಟ್ಟಿನೊಳಗೆ ಅವು ಹುರಿಯದೆ ಬರೀ ಬೇಯುತ್ತವೆ. ಮೇಲೆ ಒತ್ತುವ 20 ಗ್ರಾಂ ಮಾತ್ರ ಹಸಿಯೇ ಇರಲಿ, ಓವನ್ ಕಾವು ಅವನ್ನು ನೇರ ಹುರಿಯುತ್ತದೆ. ಹಿಟ್ಟನ್ನು ಉದ್ದ ಸುರುಳಿ ಮಾಡಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ಮುಕ್ಕಾಲು ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ, 165 ಡಿಗ್ರಿಯಲ್ಲಿ 16ರಿಂದ 18 ನಿಮಿಷ ಬೇಯಿಸಿ. ಕತ್ತರಿಸುವಾಗ ಬೀಜ ಅಡ್ಡ ಬಂದು ಬಿಲ್ಲೆ ಒಡೆದರೆ ಬೆರಳಲ್ಲಿ ಒತ್ತಿ ಕೂಡಿಸಿ. ರಾಗಿಯ ಬಣ್ಣದಿಂದ ಬೆಂದದ್ದು ತಿಳಿಯುವುದಿಲ್ಲ, ಅಂಚು ಮುಟ್ಟಿದರೆ ಗಟ್ಟಿ, ನಡುವೆ ಸ್ವಲ್ಪ ಮೆತ್ತಗೆ ಇದ್ದಾಗ ತೆಗೆಯಿರಿ.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಗೆ ಒಂದು ಪದರ ಉಪ್ಪು ಹಾಕಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ತಟ್ಟೆ ಒಳಗಿಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬಿಡಿ.

ಚಿಕ್ಕಿ ಹಲ್ಲಿಗೆ ಅಂಟುತ್ತದೆ.
(ಹೊಸದುರ್ಗ)

ಪಾಕ ಬೇಗ ಇಳಿಸಿದ್ದೀರಿ. 200 ಗ್ರಾಂ ಬೀಜಕ್ಕೆ 180 ಗ್ರಾಂ ಬೆಲ್ಲ, ಒಂದೇ ದೊಡ್ಡ ಚಮಚ ನೀರು, ಒಂದು ಚಿಕ್ಕ ಚಮಚ ತುಪ್ಪ. ಸಣ್ಣ ಉರಿಯಲ್ಲಿ ಕರಗಿಸಿ, ತಣ್ಣೀರಿಗೆ ಹನಿ ಬಿಟ್ಟು ನೋಡುತ್ತಿರಿ. ಮೊದಲು ಮೆತ್ತನೆ ಉಂಡೆ, ಆಮೇಲೆ ಎಳೆದರೆ ಬಾಗುವ ಎಳೆ. ಇವೆರಡೂ ಹಂತ ದಾಟಿ, ಮುರಿದರೆ ಟಣ್ ಎಂದು ತುಂಡಾಗಬೇಕು. ಆಗ ಚಿಟಿಕೆ ಸೋಡಾ, ಕೂಡಲೇ ಬೀಜ. ಬೀಜ ಬೆಚ್ಚಗಿರಲಿ, ತಣ್ಣಗಿದ್ದರೆ ಪಾಕ ಗಡಸಾಗಿ ಹರಡಲು ಬರುವುದಿಲ್ಲ. ತುಪ್ಪ ಸವರಿದ ಮಣೆಯ ಮೇಲೆ ತಕ್ಷಣ ಲಟ್ಟಿಸಿ, ಬಿಸಿಯಲ್ಲೇ ಗೆರೆ ಹಾಕಿ.

ಬೆಲ್ಲವೂ ಮುಖ್ಯ. ಕಪ್ಪಗೆ, ಅಂಟಂಟಾಗಿ ನೀರೊಡೆಯುವ ಬೆಲ್ಲ ಎಷ್ಟು ಕಾಯಿಸಿದರೂ ಗಡುಸು ಪಾಕ ಕೊಡುವುದಿಲ್ಲ. ಹೊಂಬಣ್ಣದ ಗಟ್ಟಿ ಅಚ್ಚು ತೆಗೆದುಕೊಳ್ಳಿ.

ಬನ್ನಿನ ಮೇಲೆ ಹಾಕಿದ ಬೀಜ ಉದುರಿಹೋಗುತ್ತದೆ.
(ಹರಿಹರ)

ಎರಡನೇ ಸಲ ಹಿಟ್ಟು ಉಬ್ಬಲು ಇಡುವ ಮೊದಲೇ ಉಂಡೆಯ ಮೇಲ್ಭಾಗಕ್ಕೆ ಹಾಲು ಸವರಿ, ಬೀಜದ ತಟ್ಟೆಗೆ ಮಗುಚಿ ಒತ್ತಿ. ಉಬ್ಬಿದ ಮೇಲೆ ಉದುರಿಸಿದರೆ ನಿಲ್ಲುವುದಿಲ್ಲ. ಹಿಟ್ಟಿನೊಳಗೂ ಹಾಕುವುದಾದರೆ 500 ಗ್ರಾಂ ಹಿಟ್ಟಿಗೆ 60 ಗ್ರಾಂ, ಒಂದು ಗಂಟೆ ನೆನೆಸಿ ಸೋಸಿದ್ದು. ಒಣ ಬೀಜ ಹಿಟ್ಟಿನ ನೀರು ಹೀರಿ ಬನ್ನು ಪುಡಿಪುಡಿಯಾಗುತ್ತದೆ. ನಾದುವುದು ಮುಗಿದ ಮೇಲೆಯೇ ಸೇರಿಸಿ, ಮೊದಲೇ ಹಾಕಿದರೆ ಬೀಜದ ಅಂಚು ಹಿಟ್ಟಿನ ಎಳೆಯನ್ನು ಕತ್ತರಿಸುತ್ತದೆ.

ದಿನಕ್ಕೆ ಎಷ್ಟು ತಿನ್ನಬಹುದು? ಸಕ್ಕರೆ ಕಾಯಿಲೆ ಇರುವ ಅತ್ತೆಯವರಿಗೂ, ಮೂರು ವರ್ಷದ ಮಗನಿಗೂ ಕೊಡಬಹುದೇ?
(ಹೊನ್ನಾಳಿ)

ದೊಡ್ಡವರಿಗೆ ಒಂದು ಸಣ್ಣ ಹಿಡಿ, 25ರಿಂದ 30 ಗ್ರಾಂ. 100 ಗ್ರಾಂ ತಿರುಳಿನಲ್ಲಿ ಸುಮಾರು 30 ಗ್ರಾಂ ಪ್ರೋಟೀನ್, 49 ಗ್ರಾಂ ಕೊಬ್ಬು, 550 ಮಿಲಿಗ್ರಾಂಗೂ ಹೆಚ್ಚು ಮೆಗ್ನೀಸಿಯಂ ಇದೆ, ಸತು, ಕಬ್ಬಿಣವೂ ಚೆನ್ನಾಗಿವೆ. ಶಕ್ತಿ ಸುಮಾರು 560 ಕಿಲೋ ಕ್ಯಾಲರಿ, ಹಾಗಾಗಿ ಊಟದ ಮೇಲೆ ಲೋಟಗಟ್ಟಲೆ ತಿಂದರೆ ತೂಕ ಏರುತ್ತದೆ. ನಿಮ್ಮ ಅತ್ತೆಯವರಿಗೆ ಬೆಲ್ಲ ಹಾಕದ, ಉಪ್ಪು ಕಡಿಮೆ ಇರುವ ಹುರಿದ ಬೀಜ ಸಂಜೆ ಬಜ್ಜಿ, ಬಿಸ್ಕತ್ತಿನ ಬದಲಿಗೆ ಕೊಡಿ. ಮಾತ್ರೆಯ ಬದಲಿಗೆ ಅಲ್ಲ. ಅವರಿಗೆ ಮೂತ್ರಪಿಂಡದ ತೊಂದರೆಯೂ ಇದ್ದರೆ ವೈದ್ಯರನ್ನು ಕೇಳದೆ ಕೊಡಬೇಡಿ, ರಂಜಕ, ಪೊಟ್ಯಾಸಿಯಂ ಎರಡೂ ಇದರಲ್ಲಿ ಹೆಚ್ಚು. ಸಿಪ್ಪೆ ಸಮೇತ ಬಹಳ ತಿಂದರೆ ಯಾರಿಗಾದರೂ ಮಲ ಕಟ್ಟುತ್ತದೆ.

ಮಗನಿಗೆ ಇಡೀ ಬೀಜ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ. ನುಣ್ಣಗೆ ಪುಡಿಮಾಡಿ ರಾಗಿ ಗಂಜಿಗೋ ಅನ್ನ ತುಪ್ಪಕ್ಕೋ ಒಂದು ಚಿಕ್ಕ ಚಮಚ ಬೆರೆಸಿ.

ಬೇಸಿಗೆಯಲ್ಲಿ ಡಬ್ಬಿಯಲ್ಲಿಟ್ಟ ಬೀಜ ತಿಂಗಳಿಗೇ ಕಮಟು ಹಿಡಿಯುತ್ತದೆ.
(ಚಳ್ಳಕೆರೆ)

ಶೇಂಗಾ ಎಣ್ಣೆಯ ಊರಿನವರಿಗೆ ಕಮಟು ವಾಸನೆ ವಿವರಿಸಬೇಕಿಲ್ಲ. ಕಾವು, ಗಾಳಿ, ಬೆಳಕು ಮೂರೂ ಸೇರಿ ಬೀಜದ ಎಣ್ಣೆಯನ್ನು ಕೆಡಿಸುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಒಲೆಯ ಪಕ್ಕದ ಕಪಾಟಿನಲ್ಲಿಟ್ಟರೆ ತಿಂಗಳು ನಿಂತದ್ದೇ ಹೆಚ್ಚು. ಹಸಿ ತಿರುಳನ್ನು ಗಾಳಿ ಹೋಗದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಆರು ತಿಂಗಳು ಚೆನ್ನಾಗಿರುತ್ತದೆ. ಹುರಿದದ್ದು ಇನ್ನೂ ಬೇಗ ಕೆಡುತ್ತದೆ, ಆದ್ದರಿಂದ ಎರಡು ವಾರಕ್ಕೆ ಬೇಕಾದಷ್ಟೇ ಹುರಿದು ಸ್ಟೀಲ್ ಡಬ್ಬಿಯಲ್ಲಿಡಿ. ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ಕೂಡಲೇ ತೆರೆಯಬೇಡಿ, ಹೊರಗಿನ ಗಾಳಿಯ ತೇವ ತಣ್ಣನೆಯ ಬೀಜದ ಮೇಲೆ ಕೂರುತ್ತದೆ. ಮನೆಯಲ್ಲಿ ಒಣಗಿಸಿದ ಸಿಪ್ಪೆ ಬೀಜವಾದರೆ ಬಗ್ಗಿಸಿ ನೋಡಿ: ಬಾಗಿದರೆ ಇನ್ನೊಂದು ದಿನ ಬಿಸಿಲು ಬೇಕು, ಮುರಿದರೆ ತುಂಬಿಡಿ. ಹುಳು ಬರುವ ಭಯವಿದ್ದರೆ ತುಂಬುವ ಮೊದಲು ನಾಲ್ಕು ದಿನ ಫ್ರೀಜರಿನಲ್ಲಿಡಿ. ಒಮ್ಮೆ ಕಮಟು ಹಿಡಿದ ಬೀಜವನ್ನು ಮತ್ತೆ ಹುರಿದು, ಮಸಾಲೆ ಹಾಕಿ ಮುಚ್ಚಲು ಬರುವುದಿಲ್ಲ. ಹೊಸದರ ಜೊತೆ ಬೆರೆಸಲೂ ಬೇಡಿ, ಡಬ್ಬಿಯನ್ನು ಸೋಪು ಬಿಸಿನೀರಲ್ಲಿ ತೊಳೆದು ಒಣಗಿಸಿಯೇ ಹೊಸ ಬೀಜ ತುಂಬಿ.